ಹಸಿರು ಅಕ್ಷರ

ಬೈಲಹೊಂಗಲದ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಜೊತೆ ಕೆಲಸಕ್ಕೆ ಇನ್ನೊಬ್ಬರಿದ್ದರು, ನನಗಿಂತ ಹಿರಿಯರು. ಕಾಲೇಜೊಂದರ ಪರೀಕ್ಷಾ ಅರ್ಜಿಯ ವೆಬ್‌ಸೈಟನ್ನು ನಾವಿಬ್ಬರೇ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕಟ್ಟಿದ್ದೆವು. ಏನೇ ಕೆಟ್ಟರೂ ಅವರು ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ, "ಪುಟದ ಮಾತ ಬಿಡ್ರಿ, ಸರ್ವರ್ ಏನ ಹೇಳತೈತಿ ಕೇಳ್ರಿ" ಎನ್ನುತ್ತಿದ್ದರು.

ಪುಟ ಬದಲಾಗದೆ ಒಳಗೊಳಗೇ ಅರ್ಜಿ ಕಳಿಸುವ ಅಜಾಕ್ಸ್ ಆಗ ನಮಗೆ ಹೊಸದು. ನೆಟ್ ನಿಧಾನವಾಗಿದ್ದರಿಂದ ವಿದ್ಯಾರ್ಥಿಗಳು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಅದನ್ನು ತಪ್ಪಿಸಲು, ಸರ್ವರ್ ಉತ್ತರಿಸುವ ಮೊದಲೇ 'ಅರ್ಜಿ ಸೇರಿದೆ' ಎಂದು ಹಸಿರು ಅಕ್ಷರದಲ್ಲಿ ತೋರಿಸುವಂತೆ ನಾನು ಬರೆದೆ. ಅವರಿಗೆ ಹೇಳಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಚಚಡಿ ಹಳ್ಳಿಯ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಕಾಲೇಜಿನಲ್ಲಿ ಅವಳಿಗೆ ಹಾಲ್ ಟಿಕೆಟ್ ಕೊಟ್ಟಿರಲಿಲ್ಲ.

"ಹಸರ ಅಕ್ಷರ ಬಂದಿತ್ರಿ ಸರ್. ನಾನ ನೋಡೇನಿ."

ಅವರು ಸರ್ವರಿನ ದಾಖಲೆ ತೆರೆದರು. ಅವಳ ಅರ್ಜಿ ಬಂದಿತ್ತು, ತಿರಸ್ಕೃತವಾಗಿತ್ತು; ಅದಕ್ಕೂ ಮೊದಲೇ ಅವಳಿಗೆ ಹಸಿರು ಅಕ್ಷರ ಕಂಡಿತ್ತು. ಪುಟ ತೆರೆದು ಎರಡು ತಾಸು ಕಳೆದರೆ ಅದಕ್ಕೆ ಸರ್ವರ್ ಕೊಟ್ಟ ಗುಟ್ಟಿನ ಗುರುತಿನ, ಅಂದರೆ ಟೋಕನ್ನಿನ, ಅವಧಿ ಮುಗಿಯುತ್ತದೆ; ಆಮೇಲೆ ನಾವು ಬಳಸಿದ ಸಿದ್ಧ ಚೌಕಟ್ಟು, ಫ್ರೇಮ್‌ವರ್ಕ್, ಆ ಪುಟದಿಂದ ಬಂದ ಏನನ್ನೂ ಒಪ್ಪುವುದಿಲ್ಲ.

"ಅರ್ಜಿ ತುಂಬಾಕ ಎಷ್ಟೊತ್ತ ಹಿಡೀತವ್ವಾ?"

"ತಪ್ಪಾಗಬಾರ್ದಂತ ಒಂದೊಂದ ಅಕ್ಷರ ಹುಡುಕಿ ಒತ್ತೇನ್ರಿ. ಮುಂಜಾನೆ ಕುಂತಾಕಿ, ಮಧ್ಯಾಹ್ನಾತು."

ಅವರು ಕಾಲೇಜಿಗೆ ಫೋನ್ ಮಾಡಿ ಬಹಳ ಹೊತ್ತು ಬೇಡಿಕೊಂಡರು. ಅರ್ಜಿಯ ಕಡೆಯ ದಿನ ಎಂದೋ ಮುಗಿದಿತ್ತು, ಕಾಲೇಜಿನವರು ಒಪ್ಪಲಿಲ್ಲ. ರಿಸೀವರ್ ಇಟ್ಟವರು ನನ್ನ ಕಡೆ ನೋಡದೆ ಆ ಹುಡುಗಿಗೆ ಕೈಮುಗಿದರು.

"ತಪ್ಪ ನಂದವ್ವಾ. ನಾ ನೋಡಬೇಕಿತ್ತು."

"ಹಂಗಾದ್ರ ನಾಳಿ ನಾ ಎಲ್ಲಿ ಕುಂದರ್ಲಿರಿ ಸರ್?"

ಆ ಹಸಿರು ಅಕ್ಷರ ಬರೆದವನು ನಾನು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಮುಗಿದ ಕೈ ಇಳಿಸದೆ ನಿಂತೇ ಇದ್ದರು.