ಲಾಂಚಿನ ಪೆಗ್ಗಿಯ ಅಧಿಕಾರ

ಸ್ಕಾಟ್ಲೆಂಡಿನ ಪಡುವಣ ಕಡಲಿನ ಆ ಪುಟ್ಟ ದ್ವೀಪದಲ್ಲಿ ಅರ್ಧ ಭೂಮಿ ಜಮೀನ್ದಾರ ಲಾಕ್ಲನ್ ಸಾಹೇಬರದು. ಮತಗಳೆಲ್ಲ ಕೌನ್ಸಿಲರ್ ಫರ್ಗಸ್‌ನವು. ಆದರೆ ದ್ವೀಪ ದಾಟಬೇಕೆಂದರೆ ಇಬ್ಬರೂ ಪೆಗ್ಗಿಯ ಮುಖ ನೋಡಬೇಕು. ಲಾಂಚಿನಲ್ಲಿ ಹಿಡಿಯುವುದು ಆರೇ ಗಾಡಿ. ಹಳದಿ ಕೋಟು ತೊಟ್ಟು, ಗಾಡಿಗಳು ಲಾಂಚು ಹತ್ತುವ ಇಳಿಜಾರಿನಲ್ಲಿ ನಿಂತ ಪೆಗ್ಗಿ ಬೆರಳು ಮಡಿಸಿ ಕರೆದರೆ ಹತ್ತಬೇಕು, ಅಂಗೈ ತೋರಿಸಿದರೆ ನಿಲ್ಲಬೇಕು. ಇಪ್ಪತ್ತಮೂರು ವರ್ಷದಿಂದ ನಡೆದುಬಂದ ಈ ಕಾನೂನನ್ನು ಯಾರೂ ಬರೆದದ್ದಲ್ಲ.

ಒಂದು ಮಾರ್ಚ್ ಬೆಳಿಗ್ಗೆ ಬಿರುಗಾಳಿಯ ಸುದ್ದಿ ಬಂತು. ಈ ಲಾಂಚು ತಪ್ಪಿದರೆ ಮೂರು ದಿನ ಇನ್ನೊಂದಿಲ್ಲ. ಐದು ಗಾಡಿ ಹತ್ತಿಯಾಗಿತ್ತು. ಉಳಿದೊಂದು ಜಾಗಕ್ಕೆ ಮೂರು ಗಾಡಿ ಕಾದಿದ್ದವು: ಸಾಹೇಬರದು, ಫರ್ಗಸ್‌ನದು, ಮತ್ತೆ ಮುದುಕಿ ಮೋರಾಗ್‌ಳ ಹಳೇ ವ್ಯಾನು. ಅದರೊಳಗೆ ಮರಿ ಹಾಕಲಾರದೆ ಒದ್ದಾಡುತ್ತಿದ್ದ ಕುರಿ; ದನದ ಡಾಕ್ಟರು ಇದ್ದದ್ದು ಆಚೆ ದಡದಲ್ಲಿ.

ಸಾಹೇಬರು ಕಿಟಕಿ ಇಳಿಸಿದರು. “ಪೆಗ್ಗಿ, ಈ ಕಟ್ಟೆ ಕಟ್ಟಿಸಿದ್ದು ನಮ್ಮ ತಾತ.”

“ಕಲ್ಲು ಹೊತ್ತಿದ್ದು ನಮ್ಮ ತಾತ, ಸಾಹೇಬ್ರೆ. ನಿಮ್ಮ ತಾತ ಕೊಡೆ ಹಿಡ್ಕೊಂಡು ನಿಂತಿದ್ರಂತೆ.”

ಫರ್ಗಸ್ ಇಳಿದೇ ಬಂದ. “ನೋಡು ಪೆಗ್ಗಿ, ನಾನು ಜನ ಆರಿಸಿದೋನು.”

“ಗೊತ್ತಪ್ಪ, ನಾನೂ ವೋಟು ಹಾಕಿದ್ದೆ. ಪಾಪ, ಆ ಕುರೀನ ಯಾರೂ ಆರಿಸಿಲ್ಲ. ಅದೇ ಮೊದ್ಲು ಹೋಗ್ಲಿ.”

ವ್ಯಾನು ಹತ್ತಿತು. ನಡುಗಡಲಲ್ಲಿ ಕುರಿ ತಾನಾಗಿಯೇ ಎರಡು ಮರಿ ಹಾಕಿ, ಡಾಕ್ಟರ ಅಗತ್ಯವೇ ಇಲ್ಲದಂತೆ ಮಾಡಿತು. ಸುದ್ದಿ ಕೇಳಿ ದಡದಲ್ಲಿ ಉಳಿದವರಿಬ್ಬರ ಮೈ ಉರಿಯಿತು. ಜನ್ಮದಲ್ಲಿ ಒಮ್ಮತಕ್ಕೆ ಬರದಿದ್ದವರು ಬಿರುಗಾಳಿ ಮುಗಿಯುವ ತನಕ ಒಂದೇ ಮೇಜಿನಲ್ಲಿ ಕೂತು ಕುಡಿದರು.

“ಬೈದ್ರೆ ಜನ ಅವಳ ಕಡೆ ಆಗ್ತಾರೆ,” ಎಂದ ಫರ್ಗಸ್. “ಹೊಗಳಿ ಮೇಲೆ ಕೂರಿಸೋಣ, ಇಳಿಜಾರು ತಾನಾಗೇ ಬಿಡ್ತಾಳೆ.”

ಹೀಗೆ ಪೆಗ್ಗಿ ಲಾಂಚು ಸಮಿತಿಯ ಅಧ್ಯಕ್ಷೆಯಾದಳು. ಇಳಿಜಾರಿಗೆ ಸೋರ್ಕಾ ಎಂಬ ಹೊಸಬಳು ಬಂದಳು; ಅವಳಿಗೆ ಕೆಲಸ ಕಲಿಸಿದ್ದು ಪೆಗ್ಗಿಯೇ. ಮೊದಲ ಸಭೆ ಕಾಯುವವರ ಬೆಂಚಿನ ಬಣ್ಣ ಯಾವುದಿರಬೇಕೆಂಬ ಚರ್ಚೆಯಲ್ಲೇ ಮುಗಿಯಿತು. ಎರಡನೆಯದು, ಮೊದಲ ಸಭೆಯಲ್ಲಿ ಯಾರು ಏನಂದರು ಎಂಬ ಜಗಳದಲ್ಲಿ. ಆದರೂ ಪೆಗ್ಗಿಗೆ ಕುರ್ಚಿಯ ರುಚಿ ಹತ್ತಿತು; ಅಂಗಡಿಗೆ ಬರೆದ ಬೆಣ್ಣೆ ಚೀಟಿಗೂ ‘ಅಧ್ಯಕ್ಷೆ’ ಎಂದೇ ಸಹಿ ಹಾಕತೊಡಗಿದಳು.

ಮೇ ತಿಂಗಳಲ್ಲಿ ಒಂದು ದಿನ ತನ್ನ ಕಾರನ್ನು ಸಾಲು ತಪ್ಪಿಸಿ ನೇರ ಮುಂದಕ್ಕೆ ತಂದಳು. ಸೋರ್ಕಾ ಅಂಗೈ ತೋರಿಸಿದಳು.

“ಅಧ್ಯಕ್ಷೆ ಕಣೇ ನಾನು.”

“ಹೌದಕ್ಕಾ. ಯಾರು ಅಂತ ಕೇಳ್ಬೇಡ, ಯಾಕೆ ಅಂತ ಕೇಳು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ? ಯಾಕೆ ಹೊರಟಿದ್ದೀರಿ?”

“ಕಿಟಕಿ ಪರದೆ ಬಟ್ಟೆ ತರೋಕೆ.”

“ಹಂಗಾದ್ರೆ ಸಂಜೆ ಲಾಂಚಿಗೆ ಬನ್ನಿ.”

ಸಾಲಿನವರೆಲ್ಲ ನೋಡುತ್ತಿರುವಾಗ ಪೆಗ್ಗಿ ಕಾರನ್ನು ಹಿಂದಕ್ಕೆ ತೆಗೆದಳು. ಕಿವಿ ಕೆಂಪಾಗಿತ್ತು. ಕೊನೆಯಲ್ಲಿ ನಿಂತಿದ್ದ ಸಾಹೇಬರು ತಮ್ಮ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದು ಕೊಟ್ಟರು. ತಿನ್ನುತ್ತ ತಿನ್ನುತ್ತ ಪೆಗ್ಗಿಗೆ ನಗು ಬಂತು.

ಆ ಶುಕ್ರವಾರವೇ ರಾಜೀನಾಮೆ ಕೊಟ್ಟು, ವಾರಕ್ಕೆ ಮೂರು ದಿನ ಸೋರ್ಕಾಳ ಜೊತೆ ಸರದಿಯ ಮೇಲೆ ಇಳಿಜಾರಿಗೆ ಮರಳಿದಳು. ಅಧ್ಯಕ್ಷಗಿರಿಯನ್ನು ಫರ್ಗಸ್ ವಹಿಸಿಕೊಂಡ. ಬೆಂಚಿಗೆ ಇನ್ನೂ ಬಣ್ಣ ಬಿದ್ದಿಲ್ಲ.