ಗೆರೆಯಿಲ್ಲದ ಹೆಬ್ಬೆಟ್ಟು

ಎದುರುಮನೆ ದೊಡ್ಡಮ್ಮನ ಬೆರಳತುದಿಗಳು ಹೊಳೆಗುಂಡಿನಷ್ಟು ನುಣುಪಾಗಿದ್ದವು; ಒಂದು ಗೆರೆಯೂ ಇರಲಿಲ್ಲ. ಆಕೆ ರೇಷನ್ ಅಂಗಡಿಯ ಬೆರಳಗುರುತಿನ ಯಂತ್ರವನ್ನೇ ಸೋಲಿಸಿದಳು ಎಂದು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಇಂದಿಗೂ ಹೇಳುತ್ತಾರೆ. ನಾನು ಈ ಕಥೆಯನ್ನು ಪೂರ್ತಿ ಒಪ್ಪುವವನಲ್ಲ. ಅವತ್ತು ಅಲ್ಲೇ ಇದ್ದೆ, ಅದಕ್ಕೆ.

ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆ ಎತ್ತಿ ಚರಕಕ್ಕೆ ಕೊಡುತ್ತಲೇ ವಯಸ್ಸಾದ ಕೈ ಅದು. ವಾದದಲ್ಲಿ ಗೆಲ್ಲುವ ನನ್ನ ಚಟ ಕಂಡರೆ ಆಕೆಗೆ ನಗು. ಚರ್ಚಾಸ್ಪರ್ಧೆಯ ಕಪ್ಪು ತಂದು ತೋರಿಸಿದಾಗ ಕೇಳಿದ್ದಳು: “ಇದ್ರಾಗೆ ಕಾಪಿ ಕುಡಿಬೋದೇನ್ಲಾ?”

ಅಂದು ತಿಂಗಳ ಕೊನೆಯ ದಿನ. ಸಂಜೆಯೊಳಗೆ ಯಂತ್ರಕ್ಕೆ ಹೆಬ್ಬೆಟ್ಟು ಹತ್ತದಿದ್ದರೆ ಆ ತಿಂಗಳ ರೇಷನ್ ಅಕ್ಕಿ ಹೋದಂತೆ. ಯಂತ್ರ ಆಕೆಯ ಹತ್ತು ಬೆರಳನ್ನೂ ಒಲ್ಲೆಂದಿತು.

“ಸೋಪಾಕಿ ತೊಳ್ಕಂಡ್ ಬಾ ಓಗಮ್ಮೋ. ಊರ್ಗೆಲ್ಲಾ ಅತ್ತೋ ಮಷೀನು ನಿಂಗ್ಯಾಕ್ ಅತ್ತಲ್ಲ?” ಎಂದರು ರೇಷನ್ ಅಂಗಡಿಯವರು.

ಬೆರಳು ಹತ್ತದವರಿಗೆ ಬೇರೆ ದಾರಿ ಇರಲೇಬೇಕು, ಆಫೀಸಿಗೆ ಬರೆಯಬೇಕಾದವರು ನೀವೇ ಎಂದು ನಾನು ಪಾಯಿಂಟ್ ಮೇಲೆ ಪಾಯಿಂಟ್ ಹಾಕಿದೆ. ಸಾಲಿನಲ್ಲಿದ್ದವರು ತಲೆದೂಗಿದರು. ದೊಡ್ಡಮ್ಮನ ಚೀಲ ಮಾತ್ರ ಖಾಲಿಯೇ.

“ಸಾಕ್ ನಿಲ್ಸ್ಲಾ” ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಅಂಗಡಿಯವರಿಗೆ ಹೇಳಿದಳು: “ಊಟದೊತ್ಗೆ ನಮ್ಮನೆ ಒಲೆ ತಾವ್ಕೆ ಬಾಪ್ಪ. ಒಂದ್ ಗಂಟೆ ನೂಲ್ ಬಿಚ್ಚು. ಆಮೇಕೆ ಈ ಮಷೀನ್ ಮ್ಯಾಲೆ ನಿನ್ ಬೆಳ್ಳ ಮಡುಗು. ಅದು ಒಪ್ಕಂಡ್ರೆ ನಾನು ಸೋಪಾಕ್ತೀನಿ.”

ಬಂದರು. ತಮಾಷೆ ನೋಡಲೆಂದೇ ಇರಬೇಕು. ಬಿಸಿನೀರಿಗೆ ಕೈಯಿಟ್ಟವರೇ “ಅಯ್ಯಪ್ಪಾ!” ಎಂದರು.

“ಕೂತ್ಕ. ಇನ್ನೂ ಐವತ್ತೊಂಬತ್ ನಿಮ್ಸ ಅದೆ.”

ಎದ್ದಾಗ ಅವರ ಬೆರಳುಗಳು ಬಿಳಚಿ ಸುಕ್ಕುಗಟ್ಟಿದ್ದವು. ಅಂಗಡಿಗೆ ಮರಳಿ, ದಿನಾ ಯಂತ್ರ ತೆರೆಯಲು ಇಡುವ ಬೆರಳನ್ನೇ ಸಾಲಿನವರ ಎದುರು ಒತ್ತಿದರು. ಒಂದು ಸಲ, ಎರಡು ಸಲ. ಯಂತ್ರ ಒಲ್ಲೆಂದಿತು. ಅವರು ತಕ್ಕಡಿಯ ಪಕ್ಕ ಕೂತು ಆಫೀಸಿಗೆ ಪತ್ರ ಬರೆದರು, ಫೋನೂ ಮಾಡಿದರು. ಸಂಜೆಗೇ ದೊಡ್ಡಮ್ಮನ ಚೀಲ ತುಂಬಿತು. ಮುಂದಿನ ತಿಂಗಳಿಂದ ನೂಲು ಬಿಚ್ಚುವ ಯಾವ ಹೆಂಗಸೂ ಖಾಲಿ ಚೀಲ ಹಿಡಿದು ಮರಳಲಿಲ್ಲ.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡಳು. ಈಗಲೂ ವಾದಕ್ಕಿಳಿಯುವ ಮುಂಚೆ ನಾನು ಎದುರಿನವರ ಕೈ ನೋಡುತ್ತೇನೆ. ಅದು ಆಕೆ ಕಲಿಸಿದ್ದು. ಆದರೆ ಅನುಮಾನದ ಚಟ ಬಿಟ್ಟಿಲ್ಲ. ಮನೆಯಲ್ಲಿ ಒಂದು ಗಂಟೆ ಬಿಸಿನೀರಿನಲ್ಲಿ ಬೆರಳು ನೆನೆಸಿ ನನ್ನ ಫೋನಿನ ಮೇಲಿಟ್ಟೆ. ಎರಡನೇ ಸಲಕ್ಕೇ ತೆರೆದುಕೊಂಡಿತು.

ಮೊನ್ನೆ ಅಕ್ಕಿ ತೂಗುತ್ತಿದ್ದ ಅಂಗಡಿಯವರನ್ನು ಕೇಳಿಯೇಬಿಟ್ಟೆ:

“ಅಣ್ಣ, ನಿಜ ಏಳಿ. ಅವತ್ತು ಮಷೀನು ನಿಮ್ ಬೆಳ್ಳ ಒಪ್ಲಿಲ್ವೋ, ಇಲ್ಲಾ ನೀವೇ ಸರ್ಯಾಗ್ ಒತ್ಲಿಲ್ವೋ?”