ಎಂಟನೇ ನಂಬರಿನ ಫಿಂಟನ್

ಬೆಳಗಿನ ಏಳು ಗಂಟೆ. ಐರ್ಲೆಂಡಿನ ಕಿಲ್‌ಬ್ರಾನ್ ಮೈದಾನದಲ್ಲಿ ಫಿಂಟನ್ ಗೆರಾಟಿ ಬಿಳಿ ಗೆರೆ ಎಳೆಯುತ್ತಿದ್ದಾರೆ. ಇಪ್ಪತ್ತು ಹೆಜ್ಜೆ, ಕೆಮ್ಮು. ಬಣ್ಣದ ಗಾಡಿಗೆ ಒರಗಿ ಸುಧಾರಿಸಿಕೊಂಡು ಮತ್ತೆ ಇಪ್ಪತ್ತು ಹೆಜ್ಜೆ. ವಯಸ್ಸು ಎಪ್ಪತ್ತಾರು. ಈಸ್ಟರ್ ದಾಟುವುದು ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ಮೈದಾನದ ಸುತ್ತಳತೆ ನಾನೂರ ಎಪ್ಪತ್ತು ಮೀಟರು. ಹಿಂದೆ ಇದು ಒಂದು ಗಂಟೆಯ ಕೆಲಸ, ಈಗ ಮೂರು ಗಂಟೆ. ಸಂಬಳವಿಲ್ಲ.

ಇಪ್ಪತ್ತನೇ ವಯಸ್ಸಿನಲ್ಲಿ ಅವರು ಇಲ್ಲೇ ಊರಿನ ಸಂಘಕ್ಕೆ ಐರಿಶ್ ಜನರದೇ ಆದ ಗೇಲಿಕ್ ಫುಟ್‌ಬಾಲ್ ಆಡುತ್ತಿದ್ದರು. ನಡುಮೈದಾನ, ಎಂಟನೇ ನಂಬರು. ಆ ಕಾಲದಲ್ಲಿ ಗೇಲಿಕ್ ಆಡುವವರು ಸಾಕರ್ ಮುಟ್ಟುವಂತಿರಲಿಲ್ಲ. ಅದು ಇಂಗ್ಲಿಷರ ಆಟ. ನೋಡಲು ಹೋದವರ ಹೆಸರನ್ನೂ ಸಂಘದ ಪುಸ್ತಕದಿಂದ ಹೊಡೆದುಹಾಕುತ್ತಿದ್ದರು. ಯಾರು ಬಂದರೆಂದು ಗುರುತಿಸಲು ಸಂಘದ ಕಾವಲಿನವರು ಸಾಕರ್ ಮೈದಾನದ ಅಂಚಿನಲ್ಲಿ ಹಣೆ ಮುಚ್ಚುವಂತೆ ಟೋಪಿ ಇಳಿಸಿಕೊಂಡು ನಿಲ್ಲುತ್ತಿದ್ದರು. ಫಿಂಟನ್ ಸುಳ್ಳು ಹೆಸರು ಹೇಳಿ ಸ್ಲೈಗೋ ಪಟ್ಟಣದಲ್ಲಿ ಒಂದು ಸಾಕರ್ ಆಟ ಆಡಿದರು. ಅದನ್ನು ಊರ ಶಾಲೆಯಲ್ಲಿ ಕಲಿಸುವ ನನಗೆ ಅವರೇ ಹೇಳಿದ್ದು.

"ಚೆಂಡು ಮೇಲಿಂದ ಬಂತು ಟೀಚರ್. ಹಾರಿ ಎರಡೂ ಕೈಲಿ ಹಿಡ್ಕೊಂಡುಬಿಟ್ಟೆ. ನಮ್ಮಾಟದಲ್ಲಿ ಮಾಡೋದೇ ಅದು. ಅಲ್ಲಿ ಕೈ ತಾಗಿಸಬಾರ್ದು ಅನ್ನೋದು ಕಾಲು ನೆಲಕ್ಕೆ ಬಂದ್ಮೇಲೆ ನೆನಪಾಯ್ತು. ಎಲ್ಲಾರೂ ಬಿದ್ದು ಬಿದ್ದು ನಕ್ರು. ಮಾಲಾಕಿ ಒಬ್ಬ ನಗ್ಲಿಲ್ಲ."

ಮಾಲಾಕಿ ಟಿಮನ್ಸ್ ಫಿಂಟನ್‌ರದೇ ಗೇಲಿಕ್ ತಂಡದ ನಾಯಕ. ಅಂದು ಕಾವಲಿಗೆ ಬಂದಿದ್ದವನೂ ಅವನೇ. ಆ ವಾರವೇ ಸಂಘದ ಪುಸ್ತಕದಲ್ಲಿ ಫಿಂಟನ್ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದರು. ಅವರ ಅಪ್ಪ ಸಾಯುವವರೆಗೂ ಮಗನೊಡನೆ ಮಾತಾಡಲಿಲ್ಲ. ಎರಡು ವರ್ಷಕ್ಕೆ ನಿಷೇಧವೇ ರದ್ದಾಯಿತು. ಹೊಡೆದ ಹೆಸರನ್ನು ಯಾರೂ ತಿದ್ದಲಿಲ್ಲ.

ಫಿಂಟನ್ ಸಾಕರ್‌ಗೇ ಹೊರಳಿದರು. ವಾರವಿಡೀ ಕಲ್ಲುಕ್ವಾರಿಯ ದೂಳು, ಭಾನುವಾರ ಆಟ. ಹದಿಮೂರು ವರ್ಷ ಮುಂದೆ, ಹಿಂದೆ, ಬದಿಯಲ್ಲಿ, ಕರೆದ ಜಾಗದಲ್ಲೆಲ್ಲ ಆಡಿದರು. ಕೊನೆಗೆ ಗೋಲ್‌ಕೀಪರ್. "ಅಂತೂ ಕೈಗೂ ಒಂದು ಕೆಲಸ ಸಿಕ್ತು," ಎನ್ನುತ್ತಾರೆ. ಆ ದೂಳೇ ಈಗ ಅವರ ಉಸಿರು ಕಟ್ಟಿಸುತ್ತಿದೆ.

ಸಂಘದ ಆಟಗಾರ ಸತ್ತರೆ ಶವಪೆಟ್ಟಿಗೆಯ ಮೇಲೆ ಅವನ ನಂಬರಿನ ಹಸಿರು ಅಂಗಿ ಹೊದಿಸುತ್ತಾರೆ. ಚರ್ಚಿನವರೆಗೆ ತಂಡ ಎರಡು ಸಾಲಾಗಿ ನಿಲ್ಲುತ್ತದೆ. ಪುಸ್ತಕದಲ್ಲಿ ಹೆಸರು ಉಳಿದವರಿಗೆ ಮಾತ್ರ. ಹೋದ ನವೆಂಬರಿನಲ್ಲಿ ಮಾಲಾಕಿ ತೀರಿಕೊಂಡಾಗ ಫಿಂಟನ್ ಆ ಸಾಲಿನ ಹೊರಗೆ, ಅಂಚೆ ಕಚೇರಿಯ ಗೋಡೆಯ ಬಳಿ ಟೋಪಿ ತೆಗೆದು ನಿಂತಿದ್ದರು. "ನನ್ ಮೇಲೂ ಒಂದು ಹಸಿರು ಅಂಗಿ ಬಿದ್ರೆ ಸಾಕಿತ್ತು," ಎಂದರು ಅಂದು.

ಮಾಲಾಕಿಯ ಹೆಂಡತಿ ನೂಲಾ ಫಿಂಟನ್‌ರನ್ನು ಅಲ್ಲಿ ನೋಡಿದ್ದರು. ಅಂದಿನಿಂದ ಪ್ರತಿ ಶನಿವಾರ ಬಿಸಿ ಸೋಡಾ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಾರೆ. ಇಂದೂ ಬಂದಿದ್ದಾರೆ.

"ಏ ಮುದುಕಾ, ನಿಲ್ಲೋ! ಸಾಯೋದಾದ್ರೆ ತಿಂದು ಸಾಯಿ."

"ಬೆಣ್ಣೆ ಹಚ್ಚಿದೀಯಾ? ಇಲ್ಲಾ ನಿನ್ ಗಂಡನ ಥರ ಒಣಕಲಾ?"

ನೂಲಾ ನಗುತ್ತಾರೆ. "ಗುರುವಾರ ಸಂಘದ ಕಮಿಟಿಗೆ ಹೋಗಿದ್ದೆ ಕಣೋ. ಫಿಂಟನ್ ಹೆಸರು ವಾಪಸ್ ಬರೀರಿ ಅಂದೆ. ಹಳೇ ಪುಸ್ತಕ ಮುಟ್ಟೋ ಹಾಗಿಲ್ಲವಂತೆ." ಬ್ರೆಡ್ಡನ್ನು ಅವರ ಕೈಗಿಡುತ್ತಾರೆ. "ನಮ್ಮೆಜಮಾನ್ರ ಅಂಗಿ ಮನೇಲಿದೆ. ನಾನೇ ಹೊದಿಸ್ತೀನಿ. ಯಾವನು ತಡೀತಾನೋ ನೋಡ್ತೀನಿ."

ಫಿಂಟನ್ ನೂಲಾರ ಕೈಯನ್ನೊಮ್ಮೆ ಹಿಡಿದು ಬಿಡುತ್ತಾರೆ. ಬ್ರೆಡ್ಡನ್ನು ಕೋಟಿನ ಜೇಬಿಗಿಟ್ಟು ಗಾಡಿಗೆ ಬಾಗುತ್ತಾರೆ. ಗೋಲ್ ಕಂಬದ ಮುಂದಿನ ಗೆರೆ ಇನ್ನೂ ಬಾಕಿ.

"ಬೇಡ ನೂಲಾ. ಅದು ಆರನೇ ನಂಬರು. ನಾನು ಆಡಿದ್ದು ಎಂಟರಲ್ಲಿ."